ಮೀನು ಬಜಾರಿನ ಐಸು ಮತ್ತು ನಾಲ್ಕು ಸೆನ್ಸರ್‌ಗಳು

ನಮ್ಮ ಕೆಲಸದಲ್ಲಿ ಒಬ್ಬರಿಂದಲೇ ಆಗದ ಒಂದು ಹಂತವಿದೆ. ಗೋಡೆಗೆ ತಾಪಮಾನ ಅಳೆಯುವ ಸೆನ್ಸರ್ ಕೂರಿಸಿ, ಪೈಪಿನೊಳಗೆ ತಂತಿ ಎಳೆದು, ಶೀತಲ ಯಂತ್ರ ನಡೆಸುವ ಕಂಟ್ರೋಲರಿನ ಟರ್ಮಿನಲ್ಲಿಗೆ ಬಿಗಿದಾದ ಮೇಲೆ ಒಬ್ಬರು ಸೆನ್ಸರ್ ಹತ್ತಿರ ನಿಂತು ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಇನ್ನೊಬ್ಬರು ಕಂಟ್ರೋಲರ್ ಮುಂದೆ ಕೂತು ಪರದೆಯಲ್ಲಿ ಯಾವ ಅಂಕಿ ಏರಿತು ಎಂದು ನೋಡಬೇಕು. ಒಂದನೆಯದನ್ನು ಹಿಡಿದರೆ ಒಂದನೆಯದೇ ಏರಬೇಕು; ಮೂರನೆಯದು ಏರಿದರೆ ತಂತಿ ಅದಲುಬದಲಾಗಿದೆ ಎಂದು ಅರ್ಥ. ಬಹಳ ಸುಲಭದ ಪರೀಕ್ಷೆ, ಆದರೆ ಇಬ್ಬರು ಬೇಕು. ಟಾಲಿಗಂಜ್‌ನ ಆ ಕೆಲಸದಲ್ಲಿ ನಾನು ಒಬ್ಬನೇ ಇದ್ದೆ.

ದುರ್ಗಾ ಪೂಜೆ ಹತ್ತಿರವಾಗಿತ್ತು. ಪೂಜೆ ಬಂತೆಂದರೆ ಈ ಊರಿನಲ್ಲಿ ಪ್ಲಾಯರ್ ಹಿಡಿಯಬಲ್ಲ ಪ್ರತಿಯೊಬ್ಬ ಎಲೆಕ್ಟ್ರಿಷಿಯನ್ನೂ ಪೆಂಡಾಲಿನ ದೀಪ ಕಟ್ಟಲು ಹೊರಟುಬಿಡುತ್ತಾನೆ. ಅವರನ್ನು ತಡೆಯಲು ನೋಡುವುದೂ ಒಂದೇ, ಹೂಗ್ಲಿ ನದಿಗೆ ಅಡ್ಡ ನಿಲ್ಲುವುದೂ ಒಂದೇ. ತಂತಿ ಎಳೆಯುವವರೆಗೆ ನನ್ನ ಜೊತೆಗಿದ್ದ ಇಬ್ಬರು, ಒಂದು ಬೆಳಗ್ಗೆ ನಗುನಗುತ್ತಾ ಕೈಮುಗಿದು, ಲಕ್ಷ್ಮೀ ಪೂಜೆ ಆದ ಮೇಲೆ ಸಿಗೋಣ ಎಂದು ಹೋದರು.

ಜಾಗ ಒಂದು ಹಳೆಯ ಫಿಲ್ಮ್ ಲ್ಯಾಬ್. ಸಿನಿಮಾಗಳು ರೀಲಿನಿಂದ ಕಂಪ್ಯೂಟರಿಗೆ ಹೋದ ಮೇಲೆ ಲ್ಯಾಬ್ ಮುಚ್ಚಿತ್ತು. ನೆಲಮಾಳಿಗೆಯಂತೆ ದಪ್ಪ ಗೋಡೆಯಿದ್ದ ಕೆಳಗಿನ ಕೋಣೆಯೊಂದನ್ನು ಶೀತಲ ಕೋಣೆ ಮಾಡಿ, ಉಳಿದ ರೀಲುಗಳನ್ನು ಅದರಲ್ಲಿಡುವ ಯೋಜನೆ. ಸದ್ಯಕ್ಕೆ ಅವು ಪಕ್ಕದ ಹಾಲಿನಲ್ಲಿ, ಸಾಧಾರಣ ಏಸಿಯಲ್ಲಿ, ತಗಡಿನ ಡಬ್ಬಿಗಳಲ್ಲಿ ಕಾದಿದ್ದವು. ಹಾಲಿನ ಬಾಗಿಲು ತೆರೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹಳೆಯ ಫಿಲ್ಮ್ ಸೆಕೆಗೆ ಕೊಳೆಯುವಾಗ ಬರುವ ವಾಸನೆ ಅದು. ಒಮ್ಮೆ ಶುರುವಾದರೆ ನಿಲ್ಲಿಸಲು ಬರುವುದಿಲ್ಲ, ತಂಪಿನಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೆ.

ಆ ಡಬ್ಬಿಗಳನ್ನು ಕಾಯುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಅದೇ ಲ್ಯಾಬಿನಲ್ಲಿ ಫಿಲ್ಮ್ ಎಡಿಟರ್ ಆಗಿದ್ದವರು. ಲ್ಯಾಬ್ ಮುಚ್ಚಿದಾಗ ಗುಜರಿಗೆ ಹೋಗಲಿದ್ದ ರೀಲುಗಳಿಗೆ ಅಡ್ಡ ನಿಂತು ಉಳಿಸಿಕೊಂಡವರು. ಎಲ್ಲರಂತೆ ನಾನೂ ಅವರನ್ನು ದಿದಿ, ಅಂದರೆ ಅಕ್ಕ, ಎನ್ನುತ್ತಿದ್ದೆ. ಮದುವೆಯಾಗಿರಲಿಲ್ಲ, ಅದೇ ಓಣಿಯಲ್ಲಿ ಒಬ್ಬರೇ ಇದ್ದರು. ಮೊದಲ ದಿನವೇ ಬಾಗಿಲಲ್ಲಿ ನಿಲ್ಲಿಸಿಕೊಂಡು ವಿಷಯ ಹೇಳಿಬಿಟ್ಟರು. ಕೋಣೆಗೂ ಯಂತ್ರಕ್ಕೂ ನೆರವು ಕೊಟ್ಟ ಟ್ರಸ್ಟಿನಿಂದ ಪೂಜೆಗೆ ಮುಂಚೆ ಪರಿಶೀಲಕಿಯೊಬ್ಬರು ಬರುತ್ತಾರೆ. ಕೋಣೆ ಎಂಟು ಡಿಗ್ರಿಯಲ್ಲಿ ನಿಂತಿದ್ದರೆ ರೀಲುಗಳು ಇಲ್ಲೇ ಇರುತ್ತವೆ. ಇಲ್ಲದಿದ್ದರೆ ಎಲ್ಲವನ್ನೂ ದೂರದ ಊರಿನ ದೊಡ್ಡ ಸಂಗ್ರಹಕ್ಕೆ ಒಯ್ಯುತ್ತಾರೆ.

"ನನಗೆ ಮೊಣಕಾಲು ನೋವು," ಅಂದರು ಬಂಗಾಳಿ ಬೆರೆತ ಹಿಂದಿಯಲ್ಲಿ. "ಅಷ್ಟು ದೂರ ಹೋಗಿ ನೋಡಿಕೊಂಡು ಬರುವುದು ನನ್ನಿಂದ ಆಗುವುದಿಲ್ಲ. ಹೋದರೆ ಹೋದವು. ನಿಮಗೆ ಅರ್ಥವಾಯಿತಲ್ಲ?"

ಅರ್ಥವಾಯಿತು ಎಂದೆ.

ಕೋಣೆಯ ನಾಲ್ಕು ಗೋಡೆಗೆ ನಾಲ್ಕು ತಾಪಮಾನದ ಸೆನ್ಸರ್, ನಡುವೆ ಒಂದು ತೇವಾಂಶದ್ದು. ಇವುಗಳ ತಂತಿಗಳೆಲ್ಲ ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿದ್ದ ಕಂಟ್ರೋಲರಿಗೆ ಬರುತ್ತವೆ. ಮೊದಲು ಕಾಡಿದ್ದು ತೇವಾಂಶದ ಸೆನ್ಸರ್. ಕಂಪ್ರೆಸರ್ ಚಾಲೂ ಆದ ಕೂಡಲೇ ಅದರ ಅಂಕಿ ದೆವ್ವ ಹೊಕ್ಕವರಂತೆ ಕುಣಿಯುತ್ತಿತ್ತು. ಟರ್ಮಿನಲ್ ಬಿಚ್ಚಿ ಬಿಗಿದೆ, ಸೆನ್ಸರ್ ಬದಲಿಸಿದೆ, ಬೈದೆ. ಕೊನೆಗೆ ನೋಡಿದರೆ ತಂತಿಯ ಮೇಲಿನ ಲೋಹದ ಜಾಳಿಗೆಯನ್ನು ಎಲೆಕ್ಟ್ರಿಷಿಯನ್ನರು ಎರಡೂ ತುದಿಯಲ್ಲಿ ಅರ್ಥಿಂಗ್ ಮಾಡಿದ್ದರು. ಒಂದೇ ತುದಿಯಲ್ಲಿ ಮಾಡಬೇಕು. ಎರಡೂ ಕಡೆ ಮಾಡಿದರೆ ಯಂತ್ರದ ಗದ್ದಲವೆಲ್ಲ ಅದರೊಳಗೆ ಸುತ್ತುತ್ತದೆ. ಸೆನ್ಸರ್ ಕಡೆಯ ತುದಿ ಕತ್ತರಿಸಿ ಟೇಪ್ ಸುತ್ತಿದೆ. ಕುಣಿತ ನಿಂತಿತು.

ತಾಪಮಾನದ ಸೆನ್ಸರ್‌ಗಳ ಕಥೆ ಬೇರೆ. ಕಂಟ್ರೋಲರಿಗೆ ಬಿಸಿ ತಂಪು ಗೊತ್ತಿಲ್ಲ, ಅದಕ್ಕೆ ಗೊತ್ತಾಗುವುದು ಸೆನ್ಸರಿನ ವಿದ್ಯುತ್ ರೋಧ ಎಷ್ಟು ಓಮ್ ಎಂಬುದು ಮಾತ್ರ. ಇಷ್ಟು ಓಮ್ ಇದ್ದರೆ ಇಷ್ಟು ಡಿಗ್ರಿ ಎಂಬ ಕೋಷ್ಟಕ ಯಾವುದೆಂದು ನಾವು ಹೇಳಿಕೊಡಬೇಕು. ಸಾಮಾನ್ಯವಾಗಿ ಸಿಗುವ ಸೆನ್ಸರ್‌ಗಳಲ್ಲಿ ಎರಡು ಜಾತಿ: ಟೈಪ್ ಎರಡು, ಟೈಪ್ ಮೂರು. ನೋಡಲು ಅವಳಿಗಳು. ಇಪ್ಪತ್ತೈದು ಡಿಗ್ರಿಯಲ್ಲಿ ಎರಡರ ಓಮ್ ಕೂಡ ಒಂದೇ. ತಂಪು ಹೆಚ್ಚಿದಂತೆ ದಾರಿ ಬೇರೆಯಾಗುತ್ತದೆ. ನಕ್ಷೆಯಲ್ಲಿ ಟೈಪ್ ಮೂರು ಎಂದಿತ್ತು. ನಾಲ್ಕಕ್ಕೂ ಟೈಪ್ ಮೂರು ಎಂದೇ ಕಂಟ್ರೋಲರಿನಲ್ಲಿ ಆರಿಸಿದೆ.

ಆಮೇಲೆ ಆ ಇಬ್ಬರ ಪರೀಕ್ಷೆ. ನಾನು ತಾರಸಿಯಲ್ಲಿ, ಸೆನ್ಸರ್ ಕೆಳಗೆ. ಒಬ್ಬನೇ ಓಡಾಡಿ ನೋಡಿದೆ. ಕೆಳಗೆ ಸೆನ್ಸರ್ ಹಿಡಿದು ಬಿಸಿ ಮಾಡಿ ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಅದು ಮತ್ತೆ ತಣ್ಣಗಾಗಿ, ಏನೂ ಆಗಿಲ್ಲ ಎಂಬಂತೆ ಕೂತಿರುತ್ತಿತ್ತು. ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ದಿದಿ, "ನನ್ನ ಕೈಗೇನಾಗಿದೆ?" ಎಂದರು. ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಳಗೆ ನಿಂತರು.

"ಹಾಥ್ ರಖಾ," ಅಂದರು, ಕೈ ಇಟ್ಟಿದ್ದೇನೆ ಎಂದು.

"ಎರಡು ಏರುತ್ತಿದೆ. ಬಿಡಿ."

"ಇಷ್ಟೇನಾ ನಿಮ್ಮ ಕೆಲಸ? ನನ್ನ ಕೈಗೆ ನಲವತ್ತು ವರ್ಷ ಫಿಲ್ಮ್ ಕತ್ತರಿಸಿ ಅಭ್ಯಾಸ. ಸುಮ್ಮನೆ ಹಿಡಿದುಕೊಂಡು ನಿಲ್ಲುವುದು ಇದೇ ಮೊದಲು."

ಮೂರನೆಯದರ ಹತ್ತಿರ ಹೋಗುತ್ತಾ ನನ್ನ ಊರು ಕೇಳಿದರು. ಧಾರವಾಡ ಎಂದೆ. ಅಲ್ಲಿಯ ಭಾಷೆ ಯಾವುದು, ಒಂದು ಮಾತು ಆಡಿ ತೋರಿಸಿ ಎಂದರು. ಏನು ಹೇಳಲಿ? ಅಷ್ಟರಲ್ಲಿ ಪರದೆಯಲ್ಲಿ ಅಂಕಿ ಏರಿತು. "ಮೂರನೇದು ಸಾಕ್ರಿ, ಬಿಡ್ರಿ," ಎಂದೆ. ಅವರು ಜೋರಾಗಿ ನಕ್ಕು, ಅರ್ಥವಾದವರಂತೆ ಕೈ ಬಿಟ್ಟರು.

ಕೆಲಸದ ನಡುವೆ ಯಾರೊಂದಿಗಾದರೂ ಧಾರವಾಡದ ಕನ್ನಡ ಆಡಿ ಎಷ್ಟು ಕಾಲವಾಗಿತ್ತು ಎಂದು ಆಮೇಲೆ ಹೊಳೆಯಿತು. ಅವ್ವ ಇದ್ದಾಗ ದಿನಾ ಫೋನು ಇರುತ್ತಿತ್ತು. ಅವಳು ಹೋದ ಮೇಲೆ ಫೋನಿನ ಕನ್ನಡವೂ ನಿಂತಿತು. ನನಗೆ ಸಂಸಾರವಿಲ್ಲ. ಈ ಊರಿನಲ್ಲಿ ಕನ್ನಡ ಆಡಲು ಉಳಿದಿದ್ದವರು ನಮ್ಮ ಮ್ಯಾನೇಜರ್ ಒಬ್ಬರೇ. ಮೈಸೂರು ಕಡೆಯವರು. ಹೆಂಡತಿಗೆ ಅಲಿಪುರದ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾದಾಗ ತಾವೂ ಇಲ್ಲಿಯ ಶಾಖೆಗೆ ಬಂದವರು. ಸದರ್ನ್ ಅವೆನ್ಯೂ ಹತ್ತಿರ ಮನೆ. ಭಾನುವಾರ ಮಧ್ಯಾಹ್ನ ಅಲ್ಲಿ ನನಗೊಂದು ತಟ್ಟೆ ಖಾಯಂ. ಬಿಸಿಬೇಳೆಬಾತು ಬಡಿಸುತ್ತಾ ಅವರು ನನ್ನ 'ಹೌದ್ರಿ, ಅಲ್ರಿ'ಯನ್ನು ಅಣಕಿಸುತ್ತಿದ್ದರು. ಅವರ ಮಕ್ಕಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಓಡುತ್ತಿದ್ದರು. ವಾರದ ಉಳಿದ ದಿನಗಳನ್ನು ನಾನು ಆ ಮಧ್ಯಾಹ್ನದ ಬಲದ ಮೇಲೆ ತಳ್ಳುತ್ತಿದ್ದೆ ಎಂದರೆ ಹೆಚ್ಚಲ್ಲ.

ಪರೀಕ್ಷೆ ಮುಗಿದಾಗ ನಾಲ್ಕೂ ಸೆನ್ಸರ್ ಒಂದೇ ಮಾತು ಹೇಳುತ್ತಿದ್ದವು. ಶೀತಲ ಯಂತ್ರ ಚಾಲೂ ಮಾಡಿದೆವು. ಕೋಣೆ ಇಪ್ಪತ್ತೈದರಿಂದ ಇಳಿಯತೊಡಗಿತು. ಇಳಿದಂತೆ ಒಂದು ಸೆನ್ಸರ್ ಹಿಂದೆ ಬೀಳತೊಡಗಿತು. ಮರುದಿನ ಮೂರು ಸೆನ್ಸರ್‌ಗಳು ಎಂಟಕ್ಕೆ ಬಂದು ನಿಂತಿದ್ದರೆ ನಾಲ್ಕನೆಯದು ಒಂಬತ್ತೂವರೆಯಲ್ಲೇ ಇತ್ತು. ಕಂಟ್ರೋಲರ್ ನಾಲ್ಕರ ಸರಾಸರಿ ಹಿಡಿದು ಯಂತ್ರ ನಡೆಸುತ್ತದೆ. ಸರಾಸರಿ ಎಂಟಕ್ಕೆ ಇಳಿಯಲಿಲ್ಲ, ಯಂತ್ರಕ್ಕೆ ಒಂದು ಕ್ಷಣವೂ ಬಿಡುವಾಗಲಿಲ್ಲ.

ಮ್ಯಾನೇಜರಿಗೆ ಫೋನು ಮಾಡಿದೆ.

"ಮೂರು ಒಂದೇ ಹೇಳ್ತಿವೆ, ಒಂದು ಮಾತ್ರ ಬೇರೆ ಹೇಳ್ತಿದೆ ಅಂದ್ರೆ ಯಾವ್ದು ಕೆಟ್ಟಿದೆ ಅಂತ ಕೇಳ್ಬೇಕೇನ್ರೀ?" ಅಂದರು. "ಆ ನಾಲ್ಕನೇದಕ್ಕೆ ಆಫ್‌ಸೆಟ್ ಕೊಟ್ಟು ಒಂದೂವರೆ ಕಳೀರಿ. ಎಲ್ಲಾ ಎಂಟು ತೋರ್ಸುತ್ತೆ. ಮುಗೀತು."

"ಹಂಗಲ್ರಿ ಸರ, ಮೂರೂ ಕೂಡೇ ತಪ್ಪಿದ್ರ?"

"ಮೂರೂ ಒಟ್ಟಿಗೆ ತಪ್ಪಾಗತ್ತಾ? ನೀವೊಳ್ಳೆ ಕಥೆ! ಪೂಜೆ ಬಂತು, ಮುಗ್ಸಿಬಿಡಿ. ಭಾನುವಾರ ಬನ್ನಿ, ನಮ್ಮನೆಯವರು ಹೋಳಿಗೆ ಮಾಡ್ತಾರಂತೆ."

ಅವರು ಹೇಳಿದ್ದು ಅಡ್ಡದಾರಿಯೇನಲ್ಲ, ಎಲ್ಲರೂ ಮಾಡುವುದೇ. ನಾನೂ ಮಾಡಿದ್ದೇನೆ. ಆದರೆ ಆಫ್‌ಸೆಟ್ ಕೊಡುವ ಮುಂಚೆ ತಂತಿ ಸರಿಯಿದೆಯೇ ನೋಡೋಣ ಎಂದು ನಾಲ್ಕನೆಯ ಸೆನ್ಸರನ್ನು ಒಂದನೆಯದರ ತಂತಿಗೂ, ಒಂದನೆಯದನ್ನು ನಾಲ್ಕನೆಯದರ ತಂತಿಗೂ ಬದಲಿಸಿ ಹಾಕಿದೆ. ಒಂಬತ್ತೂವರೆ ಎನ್ನುವ ಹಟ ಸೆನ್ಸರಿನ ಹಿಂದೆಯೇ ಹೋಯಿತು. ಮೊದಲಿದ್ದಂತೆಯೇ ಮರಳಿ ಜೋಡಿಸಿದೆ. ತಂತಿಯ ತಪ್ಪಲ್ಲ, ಟರ್ಮಿನಲ್ಲಿನ ತಪ್ಪಲ್ಲ. ಹಾಗಾದರೆ ಸೆನ್ಸರೇ ಬೇರೆ. ಕೆಟ್ಟಿರಬಹುದು. ಅಥವಾ ಅದೊಂದೇ ನೆಟ್ಟಗಿರಬಹುದು. ನಿಜ ಹೇಳುತ್ತೇನೆ, ಆ ಒಂಟಿ ಸೆನ್ಸರಿನ ಮೇಲೆ ನನಗೆ ಪಕ್ಷಪಾತ ಹುಟ್ಟಿತ್ತು. ಪಕ್ಷಪಾತ ಪುರಾವೆ ಆಗುವುದಿಲ್ಲವಲ್ಲ.

ತಾಳೆ ನೋಡುವ ಒಳ್ಳೆಯ ಥರ್ಮಾಮೀಟರ್ ದುರ್ಗಾಪುರದ ಸೈಟಿನಲ್ಲಿ ಸಿಕ್ಕಿಕೊಂಡಿತ್ತು. ಅದಿಲ್ಲದಿದ್ದರೆ ಉಳಿಯುವ ದಾರಿ ಐಸು. ನೀರಿನಲ್ಲಿ ಕರಗುತ್ತಿರುವ ಐಸು ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ. ಬೆಳಗಿನ ಹೊತ್ತು ಐಸು ಸಿಗುವ ಜಾಗ ಈ ಊರಿನಲ್ಲಿ ಮೀನು ಬಜಾರು. ಫ್ಲಾಸ್ಕ್ ಹಿಡಿದು ಹೋದೆ. ಮೀನು ಕೇಳದೆ ಮೀನಿನಡಿಯ ಐಸು ಮಾತ್ರ ಕೇಳಿದ ಮನುಷ್ಯನನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡಿದ. ಆದಷ್ಟು ಶುದ್ಧವಾದ ಗಟ್ಟಿಯಿಂದ ಕೊಡು ಎಂದೆ. ಅವನು ಇಲಿಷ್ ಮೀನಿನ ಪಕ್ಕದಿಂದ ತೆಗೆದು, ಇದಕ್ಕಿಂತ ಶುದ್ಧ ಗಂಗೆಯಲ್ಲೂ ಇಲ್ಲ ಎಂದು ಕುಟ್ಟಿ ತುಂಬಿದ.

ಮೀನಿನ ವಾಸನೆ ಹೋಗಲೆಂದು ಐಸಿನ ಚೂರುಗಳನ್ನು ತೊಳೆದು, ಕುಡಿಯುವ ನೀರು ಹಾಕಿದರೂ ದಿದಿ ಮೂಗು ಮುಚ್ಚಿಕೊಂಡರು.

"ನನ್ನ ಫಿಲ್ಮುಗಳ ಕೋಣೆಗೆ ಮೀನಿನ ವಾಸನೆಯಾ?"

"ವಿನೆಗರ್ ವಾಸನೆಗಿಂತ ವಾಸಿಯಲ್ಲವೇ ದಿದಿ?"

"ಮೀನು, ವಿನೆಗರ್, ಎರಡೂ ಸೇರಿದರೆ ಊಟವೇ ಆಯಿತು," ಎಂದು ಗೊಣಗುತ್ತಾ ಚಮಚ ತಗೊಂಡು ಬಂದರು. ನಾನು ಸೆನ್ಸರ್‌ಗಳ ಉಕ್ಕಿನ ಮೊನೆಗಳನ್ನು ಗೋಡೆಯಿಂದ ಬಿಚ್ಚಿ ಇಳಿಬಿಟ್ಟು ಮೇಲೆ ಹೋದೆ. ಅವರು ಒಂದೊಂದನ್ನೇ ಫ್ಲಾಸ್ಕಿಗೆ ಇಳಿಸಿ ಕಲಕಬೇಕು, ನಾನು ಓದಬೇಕು.

ನಾಲ್ಕನೆಯದನ್ನು ಮೊದಲು ಹಾಕಿಸಿದೆ. ಅಂಕಿ ಇಳಿಯಿತು, ಇಳಿಯಿತು, ಸೊನ್ನೆಯಲ್ಲಿ ನಿಂತಿತು. ಒಂದನೆಯದನ್ನು ಹಾಕಿಸಿದೆ. ಅದು ಸೊನ್ನೆಯನ್ನು ದಾಟಿ ಕೆಳಗೆ ಹೋಗಿ ಮೈನಸ್ ಎರಡಕ್ಕೂ ಕೆಳಗೆ ನಿಂತಿತು. ಎರಡನೆಯದೂ ಹಾಗೆಯೇ. ಮೂರನೆಯದೂ ಹಾಗೆಯೇ. ಕರಗುತ್ತಿರುವ ಐಸು ಮೈನಸ್ ಎರಡು ಆಗಿರುವುದು ಸಾಧ್ಯವಿಲ್ಲ. ಆ ಮೂರೂ ಟೈಪ್ ಎರಡು. ಸೆನ್ಸರ್ ಮಾರಿದ ಅಂಗಡಿಯವನು ಎರಡೂ ಜಾತಿ ಬೆರೆಸಿ ಕಳಿಸಿದ್ದ. ನಾನು ಅವಕ್ಕೆ ಬೇರೆಯವರ ಕೋಷ್ಟಕ ಕೊಟ್ಟಿದ್ದೆ, ಅವು ಒಂದೇ ಬಾಯಲ್ಲಿ ಸುಳ್ಳು ಹೇಳುತ್ತಿದ್ದವು. ಕೋಣೆ ಎಂಟಕ್ಕೆ ಬಂದೇ ಇರಲಿಲ್ಲ. ಯಂತ್ರ ತನ್ನೆಲ್ಲ ಶಕ್ತಿ ಹಾಕಿಯೂ ಒಂಬತ್ತೂವರೆಗೇ ದಣಿದಿತ್ತು.

"ಎಷ್ಟು ಬಂತು?" ಕೆಳಗಿನಿಂದ ದಿದಿ ಫೋನಿನಲ್ಲಿ ಕೇಳಿದರು.

ತಾರಸಿಯಿಂದ ಓಣಿಯ ಪೆಂಡಾಲಿನ ಬಿದಿರು ಕಾಣುತ್ತಿತ್ತು. ಮ್ಯಾನೇಜರ್ ಹೇಳಿದಂತೆ ನಾಲ್ಕನೆಯದಕ್ಕೆ ಆಫ್‌ಸೆಟ್ ಕೊಟ್ಟರೆ ಪರಿಶೀಲಕಿ ಎಂಟು ನೋಡುತ್ತಾರೆ, ರೀಲುಗಳು ಉಳಿಯುತ್ತವೆ, ದಿದಿಗೆ ಸಂತೋಷ, ನನಗೆ ಹೋಳಿಗೆ. ಒಂದೂವರೆ ಡಿಗ್ರಿಯ ಹಾನಿ ಯಾರಿಗೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ನಾವ್ಯಾರೂ ಇರುವುದಿಲ್ಲ. ಇದನ್ನು ಯಾರ ಜೊತೆಯಾದರೂ ಮಾತಾಡಬೇಕೆನಿಸಿತು. ಮಾತಾಡಬಹುದಾಗಿದ್ದ ಒಬ್ಬರ ಉತ್ತರ ನನಗೆ ಆಗಲೇ ಗೊತ್ತಿತ್ತು.

ಮೂರು ಇನ್‌ಪುಟ್‌ಗಳನ್ನೂ ಟೈಪ್ ಎರಡಕ್ಕೆ ಬದಲಿಸಿದೆ. "ದಿದಿ, ಕೋಣೆ ಒಂಬತ್ತೂವರೆ ಇದೆ. ಮೊದಲಿಂದಲೂ ಅಷ್ಟೇ ಇತ್ತು," ಎಂದೆ.

ಮೊಣಕಾಲು ನೋವಿನ ಆ ಹೆಂಗಸು ಮೆಟ್ಟಿಲು ಹತ್ತಿ ತಾರಸಿಗೆ ಬಂದರು. ಬರುವಾಗಲೇ ಬೈಯುತ್ತಿದ್ದರು. ಐಸು ತರಲು ನಿಮಗೆ ಹೇಳಿದವರು ಯಾರು, ನಿನ್ನೆ ಎಂಟು ಇತ್ತಲ್ಲ, ಎಂಟೇ ಇರಲಿ ಎಂದು. ಕುರ್ಚಿ ಕೊಟ್ಟೆ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಟೈಪ್ ಆರಿಸುವ ಜಾಗ ತೋರಿಸಿದೆ.

"ಇಲ್ಲಿ ಟೈಪ್ ಮೂರು ಅಂತ ಆರಿಸಿ, ನಾಲ್ಕನೆಯದಕ್ಕೆ ಒಂದೂವರೆ ಕಳೆದರೆ ಮತ್ತೆ ಎಂಟು ಬರುತ್ತದೆ ದಿದಿ. ಕೋಣೆ ಮಾತ್ರ ಹೀಗೇ ಇರುತ್ತದೆ."

ಅವರು ಬಾಗಿ ಪರದೆಯನ್ನು ನೋಡಿದರು.

"ನನ್ನ ಕಸುಬೇ ಇದು," ಅಂದರು. "ಹಗಲಲ್ಲಿ ತೆಗೆದದ್ದನ್ನು ರಾತ್ರಿ ಅಂತ ತೋರಿಸಿದ್ದೇನೆ. ಬೇರೆ ಬೇರೆ ದಿನ ಅತ್ತವರನ್ನು ಒಟ್ಟಿಗೆ ಅಳಿಸಿದ್ದೇನೆ. ಥಿಯೇಟರ್ ತುಂಬ ಜನ ನಂಬಿದ್ದಾರೆ. ಆದರೆ ಅಲ್ಲಿ ಕೂತವರು ಜನ. ಇಲ್ಲಿ ಆ ಕೋಣೆಯಲ್ಲಿ ಕೂರುವುದು ಫಿಲ್ಮು. ಅದಕ್ಕೆ ಪರದೆ ಕಾಣುವುದಿಲ್ಲವಲ್ಲ."

ಮೌಸ್ ಮುಟ್ಟಲಿಲ್ಲ. ನನ್ನ ಹೆಗಲು ಹಿಡಿದು ಕೆಳಗಿಳಿದರು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಕೋಣೆಯೊಂದಿಗೆ ಗುದ್ದಾಡಿದೆವು. ಬಾಗಿಲಿನ ರಬ್ಬರ್ ಬದಲಿಸಿದೆ. ತಂತಿ ಒಳಬರುವ ತೂತುಗಳಿಗೆಲ್ಲ ಫೋಮ್ ತುಂಬಿದೆ. ಗಾಳಿ ಸೋರುವ ಕಡೆ ದಿದಿ ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ನೋಡಿ ಕೂಗುತ್ತಿದ್ದರು. ಒಂಬತ್ತಕ್ಕೆ ಬಂತು. ಅಲ್ಲಿಂದ ಕೆಳಗೆ ಜಗ್ಗಲಿಲ್ಲ. ಯಂತ್ರ ಆ ಕೋಣೆಗೆ ಸಣ್ಣದು, ಅಷ್ಟೆ. ದೊಡ್ಡದು ಕೊಡಲು ಟ್ರಸ್ಟಿನವರು ಒಪ್ಪಲಿಲ್ಲ.

ಮ್ಯಾನೇಜರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಯಂತ್ರ ನಮ್ದಲ್ಲ, ಸೆನ್ಸರ್ ಮಾತ್ರ ನಮ್ದು. ನೀವು ಸುಮ್ನಿದ್ದಿದ್ರೆ ಎಲ್ಲಾರ್ಗೂ ಒಳ್ಳೇದಾಗ್ತಿತ್ತು," ಎಂದಷ್ಟೇ ಹೇಳಿದರು. ಕೊನೆಯಲ್ಲಿ, "ಓಕೆ, ಮೇಲ್ ಮಿ," ಎಂದರು. ನನ್ನೊಂದಿಗೆ ಅವರು ಇಂಗ್ಲಿಷಿನಲ್ಲಿ ಮಾತು ಮುಗಿಸಿದ್ದು ಅದೇ ಮೊದಲು. ಭಾನುವಾರ ಫೋನು ಬರಲಿಲ್ಲ. ನಾನು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕಾದೆ. ನಾಚಿಕೆಯಾದರೂ ಹೇಳುತ್ತೇನೆ, ಅತ್ತುಬಿಟ್ಟೆ. ಆಮೇಲೆ ಕೆಳಗೆ ಹೋಗಿ ರಸ್ತೆ ಬದಿ ಎಗ್ ರೋಲ್ ತಿಂದು ಬಂದೆ.

ಪರಿಶೀಲಕಿ ಬಂದರು, ಪರದೆ ನೋಡಿದರು, ನನ್ನನ್ನು ಒಂದೆರಡು ಪ್ರಶ್ನೆ ಕೇಳಿದರು. ಒಳ್ಳೆಯ ಹೆಂಗಸು. ದಿದಿಯ ಕೈಹಿಡಿದು, ಅಲ್ಲಿ ಇವು ಚೆನ್ನಾಗಿರುತ್ತವೆ ಎಂದರು. ಪಂಚಮಿಗೆ ಮುಂಚೆ ತಂಪು ಲಾರಿ ಬಂತು. ಡಬ್ಬಿಗಳು ಹೋಗುವಾಗ ದಿದಿ ಬಾಗಿಲಲ್ಲಿ ನಿಂತು ಪ್ರತಿಯೊಂದನ್ನೂ ಹೆಸರು ಹಿಡಿದು ಕಳಿಸಿದರು. ಲಾರಿಯವರು ಒಂದು ಡಬ್ಬಿಯನ್ನು ಮಾತ್ರ ವಾಪಸು ತಂದು ಇಟ್ಟರು. ಅದರೊಳಗಿನ ರೀಲು ಪೂರ್ತಿ ಹುಳಿಯಾಗಿತ್ತು. ಇದರ ಆವಿ ಬೇರೆಯವಕ್ಕೂ ತಗಲುತ್ತದೆ, ಇದನ್ನು ಒಯ್ಯಲಾಗದು ಎಂದರು. ದಿದಿಯ ಹೆಸರು ಎಡಿಟರ್ ಎಂದು ಮೊದಲ ಸಲ ಬಂದ ಚಿತ್ರದ ಉಳಿದಿದ್ದ ಒಂದೇ ರೀಲು ಅದು.

ದಿದಿ ಡಬ್ಬಿಯನ್ನು ಸೀರೆಯ ಸೆರಗಿನಲ್ಲಿ ಒರೆಸಿದರು.

"ಮನೆಯಲ್ಲಿ ಫ್ರಿಜ್ ಇದೆ," ಅಂದರು. "ಅದು ನಿಜವಾಗಿ ಎಷ್ಟಿದೆ ಅಂತ ನೋಡಿ ಹೇಳುತ್ತೀರಾ?"

ದುರ್ಗಾಪುರದ ಥರ್ಮಾಮೀಟರ್ ಅಷ್ಟರಲ್ಲಿ ನನ್ನ ಚೀಲಕ್ಕೆ ಬಂದಿತ್ತು. ಓಣಿಯ ಕೊನೆಯಲ್ಲಿ ಅವರ ಒಂದು ಕೋಣೆಯ ಮನೆ. ಪುಟ್ಟ ಫ್ರಿಜ್ಜಿನಲ್ಲಿದ್ದ ಮೀನು, ಪಟೋಲ ಕಾಯಿ, ಸಾಸಿವೆ ಅರೆದಿಟ್ಟ ಬಟ್ಟಲು ಎಲ್ಲವನ್ನೂ ಹೊರಗೆ ತೆಗೆದು, ಮಧ್ಯದ ಹಲಗೆ ಒರೆಸಿ, ಥರ್ಮಾಮೀಟರ್ ಇಟ್ಟು ಬಾಗಿಲು ಮುಚ್ಚಿದೆ. ಅದರ ಅಂಕಿ ಒಂದೆಡೆ ನಿಲ್ಲುವವರೆಗೆ ದಿದಿ ಹೊರಗೆ ತೆಗೆದದ್ದನ್ನೆಲ್ಲ ಬೇಯಿಸಿ ಹಾಕಿದರು. ಇಬ್ಬರೂ ಉಂಡೆವು. ಕೈ ತೊಳೆದು ಬಾಗಿಲು ತೆರೆದು ನೋಡಿದೆ. ಆರು ಡಿಗ್ರಿ.

"ಆರು," ಎಂದೆ.

"ಸರಿಯಾಗಿ ನೋಡಿದಿರಾ?"

"ಸರಿಯಾಗಿ ನೋಡಿದೆ ದಿದಿ. ಆರೇ."

ರೀಲನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ನನ್ನ ಪೆಟ್ಟಿಗೆಯಲ್ಲಿದ್ದ ತೇವ ಹೀರುವ ಪೊಟ್ಟಣಗಳನ್ನೆಲ್ಲ ಜೊತೆಗೆ ಹಾಕಿ ಒಳಗಿಟ್ಟೆವು. ಡಬ್ಬಿ ಬಾಗಿಲಿಗೆ ತಾಗುವಷ್ಟು ಅಗಲ. ಇನ್ನೇನಕ್ಕೂ ಅಲ್ಲಿ ಜಾಗ ಉಳಿಯಲಿಲ್ಲ. ಬಾಗಿಲು ಪದೇ ಪದೇ ತೆರೆಯಬಾರದು ಎಂದೆ. ತೆರೆಯುವುದಿಲ್ಲ ಎಂದರು. ಆಮೇಲೆ ಕಟ್ಟೆಯ ಮೇಲೆ ಉಳಿದಿದ್ದ ಹಾಲಿನ ಪೊಟ್ಟಣ ಕೈಗೆತ್ತಿಕೊಂಡು ಸುತ್ತ ನೋಡಿದರು.

"ಇದನ್ನೆಲ್ಲಿ ಇಡಲಿ?"

"ನನ್ನ ಫ್ರಿಜ್ಜಿನಲ್ಲಿ ನೀರು ಬಿಟ್ಟರೆ ಏನೂ ಇರುವುದಿಲ್ಲ," ಎಂದೆ. "ಮೆಟ್ರೊದಲ್ಲಿ ಎರಡೇ ಸ್ಟೇಷನ್."

ದಿದಿ ನನ್ನ ಮುಖವನ್ನೊಮ್ಮೆ ನೋಡಿ ಪೊಟ್ಟಣವನ್ನು ನನ್ನ ಕೈಗಿಟ್ಟರು.

"ಹಾಗಿದ್ದರೆ ನಾಳೆ ನಾನು ಚಹಾ ಕುಡಿಯಬೇಕಾದರೆ ನೀವೇ ಬರಬೇಕು," ಅಂದರು.

ಹಾಲು ಹಿಡಿದುಕೊಂಡು ಮೆಟ್ರೊ ಹತ್ತಿದೆ.